ಲೋಕ್-1 ಗೋಧಿಗೆ ಕಾಂಡ ತುಕ್ಕು ತಡೆಯುವ ಶಕ್ತಿ ತುಂಬುವುದು ಹೇಗೆ? ಮಾರ್ಕರ್ ಬಳಸಿ ತಳಿ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ನಮ್ಮ ಕಡೆ ಗೋಧಿಯ ತುಕ್ಕಿಗೆ ಭಂಡಾರ ರೋಗ ಎನ್ನುತ್ತಾರೆ. ಬಾಂದಿನ ಆಚೆಯ ಮರಾಠಿ ಮಂದಿ ತಾಂಬೇರಾ ಎನ್ನುತ್ತಾರೆ. ರೋಗ ಹತ್ತಿದ ಹೊಲದಲ್ಲಿ ಒಂದು ಸುತ್ತು ಹಾಕಿ ಬಂದರೆ ಧೋತರದ ಅಂಚಿಗೆಲ್ಲ ಇಟ್ಟಂಗಿ ಪುಡಿಯ ಬಣ್ಣ. ಆಮೇಲೆ ರಾಶಿ ಮಾಡಿದಾಗ ಕಾಳು ಸುಕ್ಕಾಗಿರುತ್ತದೆ, ತೂಕ ಇರುವುದಿಲ್ಲ.

ಹೋದ ಹಿಂಗಾರಿಯಲ್ಲಿ ನಮ್ಮ ಕಾಕಾ ನನ್ನನ್ನು ನಿಲ್ಲಿಸಿ ಕೇಳಿದರು: "ತಮ್ಮಾ, ಲೋಕ್-ಒನ್ ಚಪಾತಿಗೆ ಛಲೋ ಐತಿ. ಅದಕ್ಕ ಈ ರೋಗ ಬರದಂಗ ಮಾಡಾಕ ಆಗಂಗಿಲ್ಲೇನು? ಹೊಸಾ ಗೋಧಿ ಬ್ಯಾಡ, ಇದನ್ನ ಕೊಡ್ರಿ." ಆಗುತ್ತದೆ. ಆದರೆ ಮೂರೂವರೆ ವರ್ಷ ಬೇಕು, ತಾಳ್ಮೆ ಬೇಕು. ಕೃಷಿ ಓದುತ್ತಿರುವ ನಮ್ಮ ಗಡಿಭಾಗದ ಹುಡುಗ ಹುಡುಗಿಯರಿಗೆ, ಲ್ಯಾಬಿಗೆ ಹೊಸದಾಗಿ ಸೇರಿದವರಿಗೆ, ಕಾಕಾನಂತೆ ಕೇಳುವ ರೈತರಿಗೆ ಈ ಕೆಲಸವನ್ನು ಮೊದಲಿಂದ ಕೊನೆಯವರೆಗೆ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ರೋಗ ಯಾವುದು ಅಂತ ಖಚಿತ ಮಾಡಿಕೊಳ್ಳಿ

ಗೋಧಿಗೆ ಮೂರು ತುಕ್ಕು ಬರುತ್ತವೆ. ಹಳದಿ ತುಕ್ಕಿಗೆ ತಂಪು ಬೇಕು, ಅದು ಉತ್ತರದ ಸಮಸ್ಯೆ. ನಮ್ಮಲ್ಲಿ ಕಾಣುವುದು ಎಲೆ ತುಕ್ಕು ಮತ್ತು ಕಾಂಡ ತುಕ್ಕು. ಎಲೆ ತುಕ್ಕಿನ ಗುಳ್ಳೆ ಸಣ್ಣದು, ದುಂಡಗೆ, ಕಿತ್ತಳೆ ಕಂದು ಬಣ್ಣ, ಹೆಚ್ಚಾಗಿ ಎಲೆಯ ಮೇಲ್ಭಾಗದಲ್ಲಿ. ಕಾಂಡ ತುಕ್ಕಿನ ಗುಳ್ಳೆ ಉದ್ದ. ಕಾಂಡ, ಎಲೆಯ ಬುಡದ ಪೊರೆ, ಎಲೆಯ ಎರಡೂ ಬದಿ, ಕೆಲವೊಮ್ಮೆ ತೆನೆಯ ಮೇಲೂ ಬರುತ್ತದೆ. ಗುಳ್ಳೆ ಒಡೆದಾಗ ಸಿಪ್ಪೆ ಹರಿದು ಅಂಚು ಎದ್ದು ನಿಲ್ಲುತ್ತದೆ. ಬೆರಳಾಡಿಸಿದರೆ ಆ ಹರಕು ಗೊತ್ತಾಗುತ್ತದೆ. ಬೆಳೆ ಮಾಗುವಾಗ ಅದೇ ಗುಳ್ಳೆ ಕಪ್ಪಾಗುತ್ತದೆ, ಹಾಗಾಗಿ ಇದಕ್ಕೆ ಕಪ್ಪು ತುಕ್ಕು ಅಂತಲೂ ಹೆಸರಿದೆ. ಶಿಲೀಂಧ್ರದ ಹೆಸರು ಪುಕ್ಸಿನಿಯಾ ಗ್ರ್ಯಾಮಿನಿಸ್ ಟ್ರಿಟಿಸಿ.

ಎಲೆ ತುಕ್ಕನ್ನಷ್ಟೇ ತಡೆಯುವ ಜೀನ್ ಹಾಕಿ ಕಾಂಡ ತುಕ್ಕು ನಿಲ್ಲಲಿ ಎಂದು ಕಾಯುವುದು ವ್ಯರ್ಥ. ಅದಕ್ಕೇ ಈ ಗುರುತು ಮೊದಲು.

ಇನ್ನೊಂದು ವಿಷಯ ಗೊತ್ತಿರಬೇಕು. ಈ ರೋಗ ನಮ್ಮ ಮಣ್ಣಲ್ಲಿ ಕೂತು ಕಾಯುವುದಿಲ್ಲ. ಜತ್ತ, ಅಕ್ಕಲಕೋಟದ ಬೇಸಿಗೆಯಲ್ಲಿ ಅದರ ಬೀಜಕಣ ಬದುಕುವುದಿಲ್ಲ. ತುಕ್ಕು ವರ್ಷದಿಂದ ವರ್ಷಕ್ಕೆ ಗುಡ್ಡಗಳಲ್ಲಿ ಉಳಿದು ಬಯಲಿಗೆ ಇಳಿಯುತ್ತದೆ ಎಂದು ತೋರಿಸಿದವರು ಪ್ರೊ. ಕೆ. ಸಿ. ಮೆಹ್ತಾ. ಕಾಂಡ ತುಕ್ಕಿನ ಮಟ್ಟಿಗೆ ಆ ಗುಡ್ಡಗಳು ತಮಿಳುನಾಡಿನ ನೀಲಗಿರಿ ಮತ್ತು ಪಳನಿ. ಅಲ್ಲಿ ವರ್ಷವಿಡೀ ಎಲ್ಲೋ ಒಂದು ಕಡೆ ಹಸಿ ಗೋಧಿ ಗಿಡ ಇರುತ್ತದೆ. ನವೆಂಬರ್ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ಏಳುವ ಚಂಡಮಾರುತದ ಗಾಳಿ ಬೀಜಕಣಗಳನ್ನು ಹೊತ್ತು ತರುತ್ತದೆ, ಮಳೆಯ ಜೊತೆ ಅವು ಬೆಳೆಯ ಮೇಲೆ ಇಳಿಯುತ್ತವೆ ಎಂಬುದನ್ನು ಎಸ್. ನಾಗರಾಜನ್ ಮತ್ತು ಅವರ ಜೊತೆಗಾರರು ಬಿಡಿಸಿ ತೋರಿಸಿದರು. ಹಾಗಾಗಿ ಹೊಲದ ಕೂಳೆ ಸುಟ್ಟರೆ ಈ ರೋಗ ಹೋಗದು. ಪ್ರೊಪಿಕೊನಜೋಲ್ ಎಂಬ ಶಿಲೀಂಧ್ರನಾಶಕ ಲೀಟರಿಗೆ 1 ಮಿಲಿ ಹಾಕಿ ಹೊಡೆದರೆ ತಡೆಯಬಹುದು, ನಿಜ. ಆದರೆ ಎರಡೆಕರೆ ಗೋಧಿ ಬೆಳೆಯುವವರಿಗೆ ಪ್ರತಿ ವರ್ಷ ಆ ಖರ್ಚು ಜಾಸ್ತಿ ಅಲ್ವಾ? ಕಾಳಿನಲ್ಲೇ ತಡೆ ಇದ್ದರೆ ರೈತ ಬೇರೇನೂ ಮಾಡಬೇಕಿಲ್ಲ.

ಮಾರ್ಕರ್ ಯಾಕೆ ಬೇಕು?

ತುಕ್ಕು ತಡೆಯುವ ಜೀನ್‌ಗಳಿಗೆ ಎಸ್‌ಆರ್ ಎಂಬ ಹೆಸರು, ಮುಂದೆ ಒಂದು ಸಂಖ್ಯೆ. ಒಂದೇ ಜೀನ್ ಆದರೆ ಕಣ್ಣಲ್ಲೇ ಆರಿಸಬಹುದು. ರೋಗ ಬಂದ ಗಿಡ ಕಿತ್ತು ಬಿಸಾಕಿ, ಬರದ ಗಿಡ ಇಟ್ಟುಕೊಂಡರೆ ಆಯಿತು. ನಮ್ಮ ಹಿರಿಯರು ಮಾಡಿದ್ದು ಹಾಗೇ. ಆದರೆ ಒಂಟಿ ಜೀನ್ ಬಹಳ ದಿನ ಬಾಳುವುದಿಲ್ಲ. ರೈ ಧಾನ್ಯದಿಂದ ಗೋಧಿಗೆ ಬಂದ ಎಸ್‌ಆರ್ 31 ದಶಕಗಳ ಕಾಲ ಜಗತ್ತಿನ ಎಷ್ಟೋ ತಳಿಗಳನ್ನು ಕಾಯಿತು. 1998ರಲ್ಲಿ ಉಗಾಂಡಾದಲ್ಲಿ ಅದನ್ನು ಮುರಿಯುವ ತುಕ್ಕು ಕಾಣಿಸಿತು. ಅದೇ ಯುಜಿ 99. ನಮ್ಮ ದೇಶದಲ್ಲೂ ಇಂಥದ್ದು ಆಗಿದೆ. ಎಸ್‌ಆರ್ 24 ಅನ್ನು ಮುರಿಯುವ 40-1 ಎಂಬ ರೂಪ 1989ರಲ್ಲಿ ನೀಲಗಿರಿಯಲ್ಲಿ ಸಿಕ್ಕಿತು. ಎಸ್‌ಆರ್ 25 ಅನ್ನು ಮುರಿಯುವ ರೂಪವೂ ಆಮೇಲೆ ಭಾರತದಲ್ಲಿ ವರದಿಯಾಯಿತು.

ಹಾಗಾಗಿ ಒಂದೇ ತಳಿಯಲ್ಲಿ ಎರಡು ಮೂರು ಜೀನ್ ಒಟ್ಟಿಗೆ ಕೂರಿಸಬೇಕು. ಇಲ್ಲೇ ಕಣ್ಣು ಸೋಲುವುದು. ಒಂದು ಬಲವಾದ ಜೀನ್ ಇದ್ದರೆ ಗಿಡ ರೋಗವಿಲ್ಲದೆ ಕಾಣುತ್ತದೆ. ಅದರ ಹಿಂದೆ ಎರಡನೆಯದು ಇದೆಯೋ ಇಲ್ಲವೋ ಯಾರು ಹೇಳಬೇಕು? ಮಾರ್ಕರ್ ಹೇಳುತ್ತದೆ. ಜೀನ್ ಪಕ್ಕದಲ್ಲಿ ಅಥವಾ ಜೀನ್ ಒಳಗೇ ಇರುವ ಡಿಎನ್‌ಎಯ ಒಂದು ಗುರುತು ಅದು. ಗುರುತು ಇದ್ದರೆ ಜೀನ್ ಇದೆ ಎಂದು ಲೆಕ್ಕ.

ಇದೂ ಬಿಟಿ ಹತ್ತಿಯ ಹಾಗೇನಾ ಎಂದು ರೈತರು ನನ್ನನ್ನು ಪದೇ ಪದೇ ಕೇಳುತ್ತಾರೆ, ಅದಕ್ಕೂ ಇಲ್ಲೇ ಉತ್ತರ ಕೊಡುತ್ತೇನೆ. ಇದು ಬಿಟಿ ಹತ್ತಿಯಂಥದ್ದಲ್ಲ. ಲ್ಯಾಬಿನಲ್ಲಿ ಯಾವ ಜೀನನ್ನೂ ಗಿಡಕ್ಕೆ ತುರುಕುವುದಿಲ್ಲ. ಗೋಧಿಗೆ ಗೋಧಿಯನ್ನೇ ಕೂಡಿಸುತ್ತೇವೆ. ಹುಟ್ಟಿದ ಮರಿಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು ಎಂದು ಎಲೆ ಪರೀಕ್ಷೆ ಮಾಡಿ ತಿಳಿಯುತ್ತೇವೆ, ಅಷ್ಟೇ.

ಹೆಜ್ಜೆ 1: ತಾಯಿ ತಳಿ, ದಾನಿ ತಳಿ

ತಾಯಿಯಾಗಿ ಲೋಕ್-1 ಇಟ್ಟುಕೊಳ್ಳೋಣ. ಗುಜರಾತಿನ ಸಣೋಸರಾದ ಲೋಕಭಾರತಿ ಸಂಸ್ಥೆಯಲ್ಲಿ ಹುಟ್ಟಿದ ತಳಿ ಇದು. ದಪ್ಪ, ಹೊಳೆಯುವ ಕಾಳು, ಬೇಗ ಬರುತ್ತದೆ, ಪೇಟೆಯಲ್ಲಿ ದರ ಸಿಗುತ್ತದೆ. ತುಕ್ಕಿಗೆ ಮಾತ್ರ ಬೇಗ ತುತ್ತಾಗುತ್ತದೆ.

ಜೀನ್ ಕೊಡುವ ತಳಿಯೇ ದಾನಿ. ಸೇರಿಸಲು ನಾನು ಆರಿಸುವ ಮೂರು ಜೀನ್‌ಗಳು ಇವು. ಎಸ್‌ಆರ್ 26: ಥಿನೊಪೈರಮ್ ಎಂಬ ಕಾಡು ಹುಲ್ಲಿನಿಂದ ಗೋಧಿಗೆ ಬಂದದ್ದು, ಆಸ್ಟ್ರೇಲಿಯಾದ ಈಗಲ್ ಎಂಬ ತಳಿಯಲ್ಲಿ 1971ರಿಂದ ಇದೆ. ಮೊಳಕೆಯಿಂದ ಮಾಗುವವರೆಗೂ ಕಾಯುತ್ತದೆ, ಯುಜಿ 99ಗೂ ಜಗ್ಗಿಲ್ಲ. ಎಸ್‌ಆರ್ 2: ಬೆಳೆದ ಗಿಡದಲ್ಲಿ ಮಾತ್ರ ಕೆಲಸ ಮಾಡುವ ಜೀನ್. ರೋಗವನ್ನು ಪೂರ್ತಿ ನಿಲ್ಲಿಸದು, ನಿಧಾನ ಮಾಡುತ್ತದೆ. ಅಮೆರಿಕದ ಮ್ಯಾಕ್‌ಫ್ಯಾಡೆನ್ ಇದನ್ನು ಯಾರೊಸ್ಲಾವ್ ಎಂಬ ಎಮ್ಮರ್ ಗೋಧಿಯಿಂದ ರೊಟ್ಟಿ ಗೋಧಿಗೆ ತಂದು ಸುಮಾರು ನೂರು ವರ್ಷವಾಯಿತು, ಇನ್ನೂ ಮುರಿದಿಲ್ಲ. ಎಸ್‌ಆರ್ 57: ಎಲ್‌ಆರ್ 34 ಎಂದೂ ಕರೆಯುತ್ತಾರೆ. ಇದೂ ನಿಧಾನ ಮಾಡುವ ಜೀನ್, ಎಲೆ ತುಕ್ಕಿಗೂ ಹಳದಿ ತುಕ್ಕಿಗೂ ಉಪಯೋಗ.

ಎಮ್ಮರ್ ಎಂದರೆ ಬೇರೇನಲ್ಲ, ನಮ್ಮ ಜವೆ ಗೋಧಿಯ ಕುಲವೇ. ಮರಾಠಿಯಲ್ಲಿ ಖಪಲಿ. ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಹೋಗುವ ಮಂದಿಗೆ ಜವೆ ಗೋಧಿ ಹುಗ್ಗಿಯ ರುಚಿ ಹೇಳಬೇಕಿಲ್ಲ. ಭಾರತದಿಂದ ಹೋದ ಖಪಲಿಯಲ್ಲೇ ಎಸ್‌ಆರ್ 13, ಎಸ್‌ಆರ್ 14 ಜೀನ್‌ಗಳನ್ನು ಗುರುತಿಸಿದ್ದಾರೆ. ನಮ್ಮ ಅಜ್ಜಿಯರು ಕಣಜದಲ್ಲಿ ಕಾಪಾಡಿದ ಕಾಳಿನಲ್ಲಿ ಇಷ್ಟು ಬೆಲೆಯ ವಸ್ತು ಇತ್ತು ಎಂದು ಮೊದಲ ಸಲ ಓದಿದಾಗ ನನಗೆ ಆದ ಖುಷಿ ಇವತ್ತಿಗೂ ನೆನಪಿದೆ.

ಒಂದು ಎಚ್ಚರಿಕೆ. ರೊಟ್ಟಿ ಗೋಧಿಯಲ್ಲಿ 42 ವರ್ಣತಂತು, ಎ, ಬಿ, ಡಿ ಮೂರು ಗುಂಪು. ಜವೆ ಗೋಧಿ ಮತ್ತು ಬನ್ಸಿಯಂಥ ಡ್ಯೂರಮ್ ಗೋಧಿಯಲ್ಲಿ 28 ಮಾತ್ರ, ಡಿ ಗುಂಪೇ ಇಲ್ಲ. ಎಸ್‌ಆರ್ 57 ಕೂತಿರುವುದು 7ಡಿ ವರ್ಣತಂತಿನ ಮೇಲೆ. ಹಾಗಾಗಿ ಈ ಯೋಜನೆಯನ್ನು ಹಾಗೇ ಎತ್ತಿ ಜವೆ ಗೋಧಿಗೆ ಹಾಕಬೇಡಿ.

ಎಸ್‌ಆರ್ 26ರ ದಾನಿಯನ್ನು ಆರಿಸುವಾಗ ಕಾಡು ಹುಲ್ಲಿನ ಸಣ್ಣ ತುಣುಕಷ್ಟೇ ಇರುವ ಸಾಲು (ಇನ್ನೂ ತಳಿಯಾಗಿ ಹೊರಬರದ ಗೋಧಿಯ ವಂಶ) ಕೇಳಿ. ಮೂಲ ಸಾಲುಗಳಲ್ಲಿ ಕಾಡು ಹುಲ್ಲಿನ ವರ್ಣತಂತು ಉದ್ದಕ್ಕೆ ಬಂದಿದೆ, ಅದರಿಂದ ಇಳುವರಿ ಇಳಿಯುತ್ತದೆ. ಆ ತುಣುಕು ಗೋಧಿಯ ವರ್ಣತಂತಿನ ಜೊತೆ ಸಹಜವಾಗಿ ಅದಲುಬದಲಾಗುವುದಿಲ್ಲ. ಎಷ್ಟು ಸಲ ಮರುಸಂಕರಣ (ಮರಿಯನ್ನು ಮತ್ತೆ ತಾಯಿ ತಳಿಗೇ ಕೂಡಿಸುವುದು) ಮಾಡಿದರೂ ಅದು ಗಿಡ್ಡವಾಗದು. ಆಸ್ಟ್ರೇಲಿಯಾದಲ್ಲಿ ಅದನ್ನು ಬೇರೆ ವಿಧಾನದಿಂದ ಗಿಡ್ಡ ಮಾಡಿದ್ದಾರೆ. ಆರಂಭದಲ್ಲೇ ಸರಿಯಾದ ದಾನಿ ಸಿಕ್ಕರೆ ಮುಂದಿನ ಮೂರು ವರ್ಷ ಉಳಿಯುತ್ತದೆ. ದಾನಿ ಬೀಜಕ್ಕೆ ಕರ್ನಾಲ್‌ನ ಗೋಧಿ ಮತ್ತು ಬಾರ್ಲಿ ಸಂಶೋಧನಾ ಸಂಸ್ಥೆ, ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕ್‌ಗೆ ನಿಮ್ಮ ವಿಶ್ವವಿದ್ಯಾಲಯದ ಮೂಲಕ ಬರೆಯಿರಿ.

ಹೆಜ್ಜೆ 2: ಸಂಕರಣಕ್ಕೆ ಮೊದಲೇ ಮಾರ್ಕರ್ ಓಡಿಸಿ ನೋಡಿ

ತಾಯಿ ಮತ್ತು ದಾನಿ ಎರಡರ ಎಲೆಯಲ್ಲೂ ಮೂರೂ ಮಾರ್ಕರ್ ಪರೀಕ್ಷೆ ಮಾಡಿ. ಎರಡರಲ್ಲೂ ಬ್ಯಾಂಡ್ (ಪರೀಕ್ಷೆಯಲ್ಲಿ ಕಾಣುವ ಡಿಎನ್‌ಎ ಪಟ್ಟಿ) ಒಂದೇ ಬಂದರೆ ಆ ಮಾರ್ಕರ್ ನಿಮಗೆ ಉಪಯೋಗವಿಲ್ಲ, ಅಥವಾ ಜೀನ್ ತಾಯಿಯಲ್ಲಿ ಈಗಾಗಲೇ ಇದೆ. ಎರಡು ದಿನದ ಕೆಲಸ. ಇದನ್ನು ಬಿಟ್ಟವರು ಒಂದು ಹಿಂಗಾರಿ ಕಳೆದುಕೊಳ್ಳುತ್ತಾರೆ.

ಹೆಜ್ಜೆ 3: ಹೂವಿಗೆ ಕೈ ಹಾಕುವುದು

ಇದು ಕೈ ಕೆಲಸ. ಓದಿ ಬರುವುದಿಲ್ಲ, ಆದರೂ ಹೇಳುತ್ತೇನೆ.

ಲೋಕ್-1 ಬೇಗ ತೆನೆ ಬಿಡುತ್ತದೆ. ದಾನಿ ಅದಕ್ಕೆ ಹೊಂದಬೇಕಲ್ಲ? ದಾನಿಯನ್ನು 8–10 ದಿನ ಬಿಟ್ಟು ಬಿಟ್ಟು ಮೂರು ಸಲ ಬಿತ್ತಿ. ಮೊದಲ ಬಿತ್ತನೆ ಲೋಕ್-1ಕ್ಕಿಂತ ಮುಂಚೆ ಇರಲಿ.

ತಾಯಿ ಗಿಡದ ತೆನೆ ಪೊರೆಯಿಂದ ಹೊರಗೆ ಬರುತ್ತಿದ್ದಂತೆ ಹಿಡಿಯಿರಿ. ಒಂದು ಹೂ ಬಿಚ್ಚಿ ನೋಡಿ. ಪರಾಗ ಚೀಲ ಹಸಿರಾಗಿದ್ದರೆ ಸರಿಯಾದ ಸಮಯ. ಹಳದಿಯಾಗಿದ್ದರೆ ಆ ತೆನೆ ಬಿಡಿ, ಅದು ತನ್ನಷ್ಟಕ್ಕೆ ಕಟ್ಟಿಕೊಂಡಿದೆ. ತುದಿಯ ಮತ್ತು ಬುಡದ ಕೆಲವು ಕಾಳುಗೂಡುಗಳನ್ನು ತೆಗೆದುಹಾಕಿ. ಉಳಿದ ಪ್ರತಿ ಗೂಡಿನಲ್ಲೂ ನಡುವಿನ ಹೂಗಳನ್ನು ಚಿಮಟದಿಂದ ಕಿತ್ತು, ಅಂಚಿನ ಎರಡನ್ನು ಮಾತ್ರ ಇಟ್ಟುಕೊಳ್ಳಿ. ಪ್ರತಿ ಹೂವಿನಲ್ಲಿ ಮೂರು ಪರಾಗ ಚೀಲ ಇರುತ್ತವೆ. ಮೂರನ್ನೂ ಒಡೆಯದಂತೆ ತೆಗೆಯಬೇಕು. ಎಣಿಸಿಕೊಂಡೇ ತೆಗೆಯಿರಿ. ಒಂದು ಉಳಿದರೂ ಆ ಕಾಳು ಸಂಕರ ಅಲ್ಲ. ಆಮೇಲೆ ಬಟರ್ ಪೇಪರ್ ಚೀಲ ಹಾಕಿ, ದಿನಾಂಕ ಬರೆದು ಪಿನ್ ಮಾಡಿ. ಬಾಲ್ ಪೆನ್ ಶಾಯಿ ಇಬ್ಬನಿಗೆ ಕದಡುತ್ತದೆ, ಪೆನ್ಸಿಲ್ ಬಳಸಿ.

ಎರಡರಿಂದ ನಾಲ್ಕು ದಿನದಲ್ಲಿ ಹೂವಿನ ಶಲಾಕಾಗ್ರ (ಪರಾಗ ಹಿಡಿಯುವ ತುದಿ) ಹಕ್ಕಿಯ ಪುಕ್ಕದ ಹಾಗೆ ಅರಳುತ್ತದೆ. ಬೆಳಿಗ್ಗೆ ಬಿಸಿಲು ಏರುವ ಹೊತ್ತಿಗೆ ದಾನಿಯ ತೆನೆಯ ಹೂಗಳ ತುದಿ ಕತ್ತರಿಸಿ. ಬಿಸಿಲಿಗೆ ಹಿಡಿದರೆ ಹಳದಿ ಪರಾಗ ಚೀಲ ಹೊರಗೆ ಇಣುಕುತ್ತವೆ. ತಕ್ಷಣ ತಾಯಿಯ ಚೀಲದ ಬಾಯಿ ತೆರೆದು, ಆ ತೆನೆಯನ್ನು ತಲೆಕೆಳಗಾಗಿ ಒಳಗೆ ಇಳಿಸಿ ತಿರುಗಿಸಿ. ಹುಡಿ ಉದುರಿ ಅಂಟುತ್ತದೆ.

ಎರಡು ದಾರಿ ಇಟ್ಟುಕೊಳ್ಳಿ. ಒಂದರಲ್ಲಿ ಲೋಕ್-1ಕ್ಕೆ ಎಸ್‌ಆರ್ 26ರ ದಾನಿ. ಇನ್ನೊಂದರಲ್ಲಿ ಲೋಕ್-1ಕ್ಕೆ ಎಸ್‌ಆರ್ 2 ಮತ್ತು 57 ಎರಡೂ ಇರುವ ದಾನಿ. ಎರಡನ್ನೂ ಕೊನೆಗೆ ಕೂಡಿಸುತ್ತೇವೆ.

ಹೆಜ್ಜೆ 4: ಮರುಸಂಕರಣ, ವರ್ಷಕ್ಕೆ ಎರಡು ಬೆಳೆ

ಹುಟ್ಟಿದ ಮರಿಯನ್ನು ಮತ್ತೆ ಲೋಕ್-1ಕ್ಕೇ ಕೂಡಿಸಬೇಕು. ಮೊದಲ ಮರುಸಂಕರಣದಲ್ಲಿ ಸರಾಸರಿ 75 ಶೇಕಡ ಲೋಕ್-1 ಆಗುತ್ತದೆ, ಎರಡನೆಯದರಲ್ಲಿ 87.5, ಮೂರನೆಯದರಲ್ಲಿ 93.75. ಇದು ಸರಾಸರಿ ಮಾತ್ರ. ಒಂದೇ ತೆನೆಯ ಅಣ್ಣತಮ್ಮಂದಿರಲ್ಲಿ ಒಬ್ಬ 80, ಒಬ್ಬ 93 ಇರಬಹುದು. 21 ಜೋಡಿ ವರ್ಣತಂತುಗಳ ಮೇಲೂ ಹರಡಿರುವ ಬೇರೆ ಮಾರ್ಕರ್‌ಗಳನ್ನು ಓಡಿಸಿ ಆ 93ರವನನ್ನು ಹುಡುಕಿದರೆ ಎರಡೇ ಮರುಸಂಕರಣ ಸಾಕು.

ಬಯಲಲ್ಲಿ ವರ್ಷಕ್ಕೆ ಒಂದೇ ಗೋಧಿ. ಹಾಗಾಗಿ ಬೇಸಿಗೆ, ಮಳೆಗಾಲದ ಬೆಳೆಗೆ ನೀಲಗಿರಿಯ ಕೂನೂರು ಪಕ್ಕದ ವೆಲ್ಲಿಂಗ್ಟನ್‌ಗೆ ಹೋಗುತ್ತೇವೆ. ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಕೇಂದ್ರ ಅಲ್ಲಿದೆ. ಎತ್ತರ ಸುಮಾರು 1850 ಮೀಟರ್. ನಿಮ್ಮ ಸಂಸ್ಥೆಯ ಮೂಲಕ ಮೊದಲೇ ಜಾಗ ಕೇಳಿಕೊಳ್ಳಬೇಕು. ಇಲ್ಲಿ ನವೆಂಬರ್‌ನಿಂದ ಮಾರ್ಚ್, ಅಲ್ಲಿ ಜೂನ್‌ನಿಂದ ಅಕ್ಟೋಬರ್. ಲೆಕ್ಕ ಹೀಗೆ: ಮೊದಲ ಹಿಂಗಾರಿಯಲ್ಲಿ ಸಂಕರಣ, ಮಳೆಗಾಲಕ್ಕೆ ವೆಲ್ಲಿಂಗ್ಟನ್‌ನಲ್ಲಿ ಮೊದಲ ಮರುಸಂಕರಣ. ಎರಡನೆಯ ಹಿಂಗಾರಿಗೆ ಎರಡನೆಯ ಮರುಸಂಕರಣ, ಮಳೆಗಾಲಕ್ಕೆ ಎರಡು ದಾರಿಗಳ ಕೂಡಿಕೆ. ಮೂರನೆಯ ಹಿಂಗಾರಿಗೆ ಕೂಡಿದ ಮರಿಗಳನ್ನು ಆರಿಸಿ ಸ್ವಂತ ಕಾಳು ಕಟ್ಟಲು ಬಿಡುವುದು, ಮಳೆಗಾಲಕ್ಕೆ ಆ ಕಾಳು ಬಿತ್ತಿ ಶುದ್ಧ ಗಿಡ ಹುಡುಕುವುದು. ನಾಲ್ಕನೆಯ ಹಿಂಗಾರಿಗೆ ಸಾಲು ನಿಮ್ಮ ಹೊಲದಲ್ಲಿ.

ಎಷ್ಟು ಗಿಡ ಬೇಕು? ನೂರಕ್ಕೆ 95ರಷ್ಟು ಭರವಸೆಯಿಂದ ಕನಿಷ್ಠ ಒಂದಾದರೂ ಬೇಕಾದ ಗಿಡ ಸಿಗಬೇಕು ಎಂದರೆ: ಮರುಸಂಕರಣದಲ್ಲಿ ಒಂದು ಜೀನಿಗೆ 5 ಗಿಡ, ಎರಡಕ್ಕೆ 11, ಎರಡು ದಾರಿ ಕೂಡಿಸಿ ಮೂರೂ ಬೇಕಾದಾಗ 23. ಕೊನೆಯಲ್ಲಿ ಮೂರೂ ಜೀನ್ ಎರಡೆರಡು ಪ್ರತಿ (ತಾಯಿಯಿಂದ ಒಂದು, ತಂದೆಯಿಂದ ಒಂದು) ಇರುವ ಶುದ್ಧ ಗಿಡ 64ಕ್ಕೆ ಒಂದು, ಅದಕ್ಕೆ 191 ಗಿಡ. ಇವು ಕನಿಷ್ಠ. ಕಾಳು, ಎತ್ತರ, ತೆನೆ ನೋಡಿ ಆರಿಸಲು ಇದರ ಎರಡರಷ್ಟು ಇರಲಿ. ಅಷ್ಟು ಪರೀಕ್ಷೆಗೆ ಹಣ ಇಲ್ಲದಿದ್ದರೆ, ಮೂರೂ ಜೀನ್ ಕನಿಷ್ಠ ಒಂದೊಂದು ಪ್ರತಿ ಇರುವ ಗಿಡಗಳನ್ನು ಉಳಿಸಿಕೊಂಡು ಮುಂದಿನ ಪೀಳಿಗೆಯಲ್ಲಿ ಶುದ್ಧ ಗಿಡ ಹುಡುಕಿ. ಅಂಥವು 64ಕ್ಕೆ 27 ಸಿಗುತ್ತವೆ. ಒಂದು ಬೆಳೆ ತಡವಾಗುತ್ತದೆ, ಖರ್ಚು ಉಳಿಯುತ್ತದೆ.

ಹೆಜ್ಜೆ 5: ಎಲೆಯಿಂದ ಬ್ಯಾಂಡಿನವರೆಗೆ

ಗಿಡಕ್ಕೆ ಮೂರು ನಾಲ್ಕು ಎಲೆ ಬಂದಾಗ ಎಳೆಯ ಎಲೆಯ ಒಂದು ಬೆರಳುದ್ದ ತುಂಡು ಕತ್ತರಿಸಿ. ಪ್ರತಿ ಗಿಡಕ್ಕೂ ನಂಬರ್, ಅದೇ ನಂಬರ್ ಲಕೋಟೆಯ ಮೇಲೆ. ಸಂಖ, ಉಮದಿ ಕಡೆಯಿಂದ ಲ್ಯಾಬಿಗೆ ಬಸ್ಸಿನಲ್ಲಿ ಹೋಗುವಷ್ಟರಲ್ಲಿ ಎಲೆ ಬಾಡುತ್ತದೆ. ಅದಕ್ಕೆ ಸಿಲಿಕಾ ಜೆಲ್ ತುಂಬಿದ ಡಬ್ಬಿಯಲ್ಲಿ ಲಕೋಟೆ ಇಟ್ಟು ಒಣಗಿಸಿ ಒಯ್ಯಿರಿ. ಡಿಎನ್‌ಎ ಕೆಡುವುದಿಲ್ಲ.

ಲ್ಯಾಬಿನಲ್ಲಿ ಡಿಎನ್‌ಎ ತೆಗೆಯಲು ಸಿಟಿಎಬಿ ಎಂಬ ರಾಸಾಯನಿಕ ಬಳಸುವ ವಿಧಾನ ಸಾಕು. ಎಲೆಯನ್ನು ನುಣ್ಣಗೆ ಅರೆದು, 65 ಡಿಗ್ರಿಗೆ ಕಾಸಿದ ದ್ರಾವಣದಲ್ಲಿ ಅರ್ಧ ಮುಕ್ಕಾಲು ಗಂಟೆ ಇಡಿ. ಕ್ಲೋರೋಫಾರ್ಮ್ ಮತ್ತು ಐಸೋಅಮೈಲ್ ಆಲ್ಕೋಹಾಲ್ 24:1 ಮಿಶ್ರಣ ಹಾಕಿ ತಿರುಗಿಸಿ. ಮೇಲಿನ ತಿಳಿಯನ್ನು ಮಾತ್ರ ತೆಗೆದು, ತಣ್ಣನೆಯ ಐಸೋಪ್ರೊಪನಾಲ್ ಸೇರಿಸಿ. ಬಿಳಿ ನೂಲಿನಂತೆ ಡಿಎನ್‌ಎ ಕೂಡುತ್ತದೆ. 70 ಶೇಕಡ ಇಥನಾಲ್‌ನಲ್ಲಿ ತೊಳೆದು ಒಣಗಿಸಿ ಕರಗಿಸಿ. 260/280 ಅನುಪಾತ (ಆ ಎರಡು ನ್ಯಾನೊಮೀಟರ್ ಬೆಳಕನ್ನು ಹೀರುವ ಪ್ರಮಾಣ) 1.8ರ ಆಸುಪಾಸು ಇದ್ದರೆ ಶುದ್ಧ.

ಈಗ ಪಿಸಿಆರ್, ಅಂದರೆ ಬೇಕಾದ ಡಿಎನ್‌ಎ ತುಣುಕನ್ನು ಲಕ್ಷಗಟ್ಟಲೆ ನಕಲು ಮಾಡುವುದು. ಆಮೇಲೆ ಜೆಲ್, ಅದರಲ್ಲಿ ತುಣುಕುಗಳು ಉದ್ದದ ಪ್ರಕಾರ ಬೇರೆಯಾಗಿ ಬ್ಯಾಂಡ್ ಆಗಿ ಕಾಣುತ್ತವೆ. ಓದುವುದು ಹೀಗೆ.

ಎಸ್‌ಆರ್ 26ಕ್ಕೆ "ಎಸ್‌ಆರ್26#43" ಮಾರ್ಕರ್. ಜೀನ್ ಇದ್ದರೆ 207 ಬೇಸ್‌ನ (ಡಿಎನ್‌ಎ ಉದ್ದದ ಅಳತೆ) ಬ್ಯಾಂಡ್, ಇಲ್ಲದಿದ್ದರೆ ಖಾಲಿ. ಖಾಲಿ ಎಂದರೆ ಜೀನ್ ಇಲ್ಲ ಅಂತಲೋ, ಪಿಸಿಆರ್ ಕೆಟ್ಟಿತು ಅಂತಲೋ ತಿಳಿಯದು. ಅದಕ್ಕೆ ಜೊತೆಗೆ "ಬಿಇ518379" ಓಡಿಸಿ. ಅದು ಗೋಧಿಯ ಸ್ವಂತ ತುಣುಕು ಇದ್ದರೆ 303 ಬ್ಯಾಂಡ್ ಕೊಡುತ್ತದೆ. ಎರಡೂ ಬಂದರೆ ಒಂದೇ ಪ್ರತಿ, 207 ಮಾತ್ರ ಬಂದರೆ ಎರಡೂ ಪ್ರತಿ.

ಎಸ್‌ಆರ್ 57ಕ್ಕೆ "ಸಿಎಸ್‌ಎಲ್‌ವಿ34". ಜೀನ್ ಇದ್ದರೆ 150, ಇಲ್ಲದಿದ್ದರೆ 229, ಒಂದೇ ಪ್ರತಿ ಇದ್ದರೆ ಎರಡೂ. ಓದಲು ಸುಲಭ.

ಎಸ್‌ಆರ್ 2ಕ್ಕೆ "ಸಿಎಸ್‌ಎಸ್‌ಆರ್2". ಇಲ್ಲಿ ಒಂದು ಹೆಜ್ಜೆ ಜಾಸ್ತಿ. ಬರುವ 337ರ ತುಣುಕನ್ನು ಬಿಎಸ್‌ಪಿಎಚ್1 ಎಂಬ ಕಿಣ್ವದಿಂದ ಕತ್ತರಿಸಬೇಕು. ಜೀನ್ ಇದ್ದರೆ 172, 112, 53 ಎಂದು ಮೂರು ಚೂರು. ಇಲ್ಲದಿದ್ದರೆ 225, 112. 53ರದ್ದು ಜೆಲ್ಲಿನಿಂದ ಓಡಿಹೋಗುತ್ತದೆ, ಅದನ್ನು ಹುಡುಕಬೇಡಿ. 172 ಮತ್ತು 225 ನೋಡಿ. ಜೆಲ್ 3 ಶೇಕಡ ಇರಲಿ. ಈ ಜೀನ್ ಒಂದೇ ಪ್ರತಿ ಇದ್ದರೆ ಹೊಲದಲ್ಲಿ ಅದರ ಕೆಲಸ ಕಾಣುವುದಿಲ್ಲ. ಮಾರ್ಕರ್ ಇಲ್ಲದಿದ್ದರೆ ಪ್ರತಿ ಮರುಸಂಕರಣದ ನಡುವೆ ಒಂದು ಪೀಳಿಗೆ ಹೆಚ್ಚು ಬೆಳೆಸಬೇಕಾಗಿತ್ತು.

ಪ್ರತಿ ಜೆಲ್ಲಿನಲ್ಲೂ ದಾನಿ, ಲೋಕ್-1, ಮತ್ತು ಡಿಎನ್‌ಎ ಹಾಕದ ಬರೀ ನೀರು, ಈ ಮೂರು ಗೆರೆ ಇರಲೇಬೇಕು. ನಾನು ಹೊಸದಾಗಿ ಕೆಲಸ ಕಲಿತ ಲ್ಯಾಬಿನಲ್ಲಿ ಜಾಗ ಉಳಿಸಲು ನೀರಿನ ಗೆರೆ ಬಿಟ್ಟೆವು. ನಲವತ್ತು ಗಿಡದಲ್ಲೂ ಬ್ಯಾಂಡ್ ಬಂತು. ಎಷ್ಟು ಸಂತೋಷಪಟ್ಟೆವು! ನೀರಿನ ಟ್ಯೂಬಿಗೇ ದಾನಿಯ ಡಿಎನ್‌ಎ ಸೇರಿತ್ತು. ತುಕ್ಕು ಬಂದಾಗ ಅರ್ಧಕ್ಕರ್ಧ ಗಿಡ ಕೆಂಪಾಗಿ ನಿಂತವು. ಮರುಸಂಕರಣದಲ್ಲಿ ಅರ್ಧ ಗಿಡಕ್ಕೆ ಮಾತ್ರ ಜೀನ್ ಬರಬೇಕು. ಎಲ್ಲಕ್ಕೂ ಬಂದಾಗಲೇ ಅನುಮಾನ ಬರಬೇಕಿತ್ತು. ಒಂದು ವರ್ಷ ಹೋಯಿತು. ಈಗಲೂ ಅದನ್ನು ನೆನೆದರೆ ಬೇಸರವಾಗುತ್ತದೆ.

ಹೆಜ್ಜೆ 6: ರೋಗದ ಮಧ್ಯೆ ನಿಲ್ಲಿಸಿ ನೋಡುವುದು

ಮಾರ್ಕರ್ ಜೀನ್ ಇದೆ ಎನ್ನುತ್ತದೆ. ಇವತ್ತಿನ ತುಕ್ಕಿನ ಎದುರು ಅದು ನಿಲ್ಲುತ್ತದೋ ಎಂಬುದನ್ನು ರೋಗವೇ ಹೇಳಬೇಕು. ಹಾಗಾಗಿ ನಾನು ಜೆಲ್ ಚಿತ್ರ ನೋಡಿ ಯಾವ ಸಾಲನ್ನೂ ಒಪ್ಪಿಕೊಳ್ಳುವುದಿಲ್ಲ.

ವೆಲ್ಲಿಂಗ್ಟನ್‌ನಲ್ಲಿ ತುಕ್ಕು ತಾನಾಗಿಯೇ ಬರುತ್ತದೆ. ನಮಗೆ ಹತ್ತಿರದ್ದು ಸಾತಾರಾ ಜಿಲ್ಲೆಯ ಮಹಾಬಳೇಶ್ವರ, ಅಲ್ಲಿ ರಾಹುರಿ ಕೃಷಿ ವಿದ್ಯಾಪೀಠದ ಗೋಧಿ ತುಕ್ಕು ಸಂಶೋಧನಾ ಕೇಂದ್ರ ಇದೆ. ಸುತ್ತ ಮತ್ತು ನಡುನಡುವೆ ರೋಗ ಹತ್ತುವ ತಳಿಯ ಸಾಲು ಹಾಕಿ. ಆಗ್ರಾ ಲೋಕಲ್ ಇದಕ್ಕೆ ಒಳ್ಳೆಯದು. ಅದು ಪೂರ್ತಿ ಕೆಂಪಾಗದೆ ನಿಮ್ಮ ಸಾಲು ರೋಗ ತಡೆಯಿತು ಎಂದು ಬರೆಯಬೇಡಿ. ಅಲ್ಲಿಗೆ ರೋಗವೇ ಬಂದಿಲ್ಲದಿರಬಹುದು.

ಅಂಕ ಕೊಡುವುದು ಎರಡು ಭಾಗದಲ್ಲಿ. ಕಾಂಡದ ಎಷ್ಟು ಶೇಕಡ ಭಾಗ ಗುಳ್ಳೆ ಆವರಿಸಿದೆ, ಗುಳ್ಳೆ ಎಂಥದ್ದು. 60 ಎಸ್ ಎಂದರೆ 60 ಶೇಕಡ, ದೊಡ್ಡ ಹರಕು ಗುಳ್ಳೆ. 10 ಎಂಆರ್ ಎಂದರೆ 10 ಶೇಕಡ, ಸಣ್ಣ ಗುಳ್ಳೆ, ಸುತ್ತ ಒಣಗಿದ ಕಲೆ. ವಾರಕ್ಕೊಮ್ಮೆ ಮೂರು ನಾಲ್ಕು ಸಲ ಬರೆದುಕೊಳ್ಳಿ, ಯಾಕೆಂದರೆ ಎಸ್‌ಆರ್ 2 ಮತ್ತು 57ರ ಗುಣ ನಿಧಾನದಲ್ಲಿದೆ, ಒಂದೇ ದಿನದ ಅಂಕದಲ್ಲಿ ಅದು ಸಿಗುವುದಿಲ್ಲ. ಎಸ್‌ಆರ್ 2 ಇರುವ ಗಿಡದಲ್ಲಿ ಕೆಲವೊಮ್ಮೆ ತೆನೆಯ ಸಿಪ್ಪೆ ಮತ್ತು ಗೆಣ್ಣಿನ ಕೆಳಗೆ ಕಪ್ಪು ಬಣ್ಣ ಹಿಡಿಯುತ್ತದೆ. ರೋಗ ಅಂದುಕೊಂಡು ಕಿತ್ತು ಹಾಕಬೇಡಿ, ಅದು ಆ ಜೀನಿನದೇ ಲಕ್ಷಣ. ಎಸ್‌ಆರ್ 57 ಇದ್ದರೆ ಎಲೆಯ ತುದಿ ಒಣಗಿದಂತೆ ಕಾಣಬಹುದು.

ಹೆಜ್ಜೆ 7: ಕಾಳು, ಹಿಟ್ಟು, ಚಪಾತಿ

ರೋಗ ನಿಂತರೆ ಅರ್ಧ ಕೆಲಸ. ಸಾವಿರ ಕಾಳಿನ ತೂಕ, ತೆನೆ ಬರುವ ದಿನ, ಎತ್ತರ, ಇಳುವರಿ ಎಲ್ಲವನ್ನೂ ಮೂಲ ಲೋಕ್-1ರ ಪಕ್ಕದಲ್ಲೇ ಬಿತ್ತಿ ಹೋಲಿಸಿ. ಹಿಟ್ಟು ಮಾಡಿಸಿ ಮನೆಯಲ್ಲಿ ಕೊಡಿ. ನಮ್ಮ ಅವ್ವ ಹಿಟ್ಟು ನಾದುವಾಗಲೇ ಹೇಳುತ್ತಾಳೆ, ಇದು ನೀರು ಹಿಡಿಯುತ್ತದೋ ಇಲ್ಲವೋ ಅಂತ. ಚಪಾತಿ ಸಂಜೆಗೂ ಮೆತ್ತಗೆ ಇರಬೇಕು. ಆ ಮಾತನ್ನು ನಾನು ನೋಟ್‌ಬುಕ್ಕಿನಲ್ಲಿ ಇಳುವರಿಯ ಪಕ್ಕದಲ್ಲೇ ಬರೆದುಕೊಳ್ಳುತ್ತೇನೆ.

ಆಯ್ದ ಸಾಲು ಮುಂದೆ ಅಖಿಲ ಭಾರತ ಗೋಧಿ ಯೋಜನೆಯ ರೋಗ ಪರೀಕ್ಷೆಗೆ, ಅಲ್ಲಿಂದ ಮಹಾರಾಷ್ಟ್ರ, ಕರ್ನಾಟಕ ಸೇರಿದ ಪರ್ಯಾಯ ದ್ವೀಪ ವಲಯದ ಇಳುವರಿ ಪ್ರಯೋಗಗಳಿಗೆ ಹೋಗುತ್ತದೆ. ಇದಕ್ಕೆ ಇನ್ನೂ ಕೆಲವು ವರ್ಷ.

ಬಿತ್ತಿದ ಮೇಲೂ ಹೊಲ ನೋಡುತ್ತಿರಿ

ಹೊಸ ಸಾಲಿನ ಮೇಲೆ ಎಂದಾದರೂ ದೊಡ್ಡ ಹರಕು ಗುಳ್ಳೆ ಕಂಡರೆ ಸುಮ್ನೆ ಬಿಡಬೇಡಿ. ತುಕ್ಕಿನ ರೂಪ ಬದಲಾಗಿರಬಹುದು. ಗುಳ್ಳೆ ಇರುವ ಕಾಂಡದ ನಾಲ್ಕೈದು ತುಂಡು ಕತ್ತರಿಸಿ. ನೆರಳಿನಲ್ಲಿ ಆರಿಸಿ. ಕಾಗದದ ಲಕೋಟೆಯಲ್ಲಿ ಹಾಕಿ, ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವರಿ ಬೂಷ್ಟು ಹಿಡಿದು ಬೀಜಕಣ ಸಾಯುತ್ತದೆ. ಲಕೋಟೆಯ ಮೇಲೆ ತಳಿಯ ಹೆಸರು, ಊರು, ತಾಲೂಕು, ಜಿಲ್ಲೆ, ಕಿತ್ತ ದಿನಾಂಕ ಬರೆಯಿರಿ. ಶಿಮ್ಲಾದ ಫ್ಲವರ್‌ಡೇಲ್ ಕೇಂದ್ರದಲ್ಲಿ ದೇಶದ ತುಕ್ಕಿನ ರೂಪಗಳನ್ನೆಲ್ಲ ಜೀವಂತ ಇಟ್ಟು ಗುರುತಿಸುತ್ತಾರೆ. ಕಿತ್ತ ದಿನವೇ ಅಲ್ಲಿಗೆ ಅಂಚೆಗೆ ಹಾಕಿ.